ಪಕ್ಕದ ಲೇನಿನವರು

ಲಿಫ್ಟ್ ಮೆಕ್ಯಾನಿಕ್‌ನ ಪಾಯಿಂಟ್ ಟೂ ಟೂ ಪಿಸ್ತೂಲು ಅವನು ಕೊಂಡಾಗಲೇ ಹಳೆಯದಾಗಿತ್ತು. ಮರದ ಹಿಡಿ ಇನ್ಯಾರದೋ ಅಂಗೈಗೆ ತಕ್ಕಂತೆ ಸವೆದಿತ್ತು. ಅದನ್ನು ಅರದಿಂದ ಉಜ್ಜಿ, ಪುಟ್ಟಿ ಮೆತ್ತಿ, ಮತ್ತೆ ಉಜ್ಜಿ ತನ್ನ ಕೈಗೆ ಒಗ್ಗಿಸಿಕೊಳ್ಳುವಷ್ಟರಲ್ಲಿ ಒಂದು ಇಡೀ ಚಳಿಗಾಲ ಕಳೆದಿತ್ತು. ಹೊಸ ಪಿಸ್ತೂಲುಗಳನ್ನು ಹಿಡಿದು ಬರುವ ಶೂಟಿಂಗ್ ಕ್ಲಬ್ಬಿನ ಕಿರಿಯರು ಅವನ ಪಿಸ್ತೂಲು ನೋಡಿ, "ಅಜ್ಜಿ ಹೇಗಿದ್ದಾರೆ ಅಣ್ಣಾ?" ಎಂದು ಕೇಳುತ್ತಿದ್ದರು. "ಕಣ್ಣು ಚುರುಕಾಗಿದೆ, ಹಲ್ಲು ಮಾತ್ರ ಸ್ವಲ್ಪ ಸಡಿಲ" ಎನ್ನುತ್ತಿದ್ದ. ವಾರವಿಡೀ ಅವನು ಆಡುತ್ತಿದ್ದ ತಮಾಷೆ ಅದೊಂದೇ.

ಅವನ ಕೆಲಸದಲ್ಲಿ ಮಾತಿಗೆ ಅಷ್ಟಾಗಿ ಜಾಗವಿರಲಿಲ್ಲ. ಮಹಡಿಗಳ ನಡುವೆ ಸಿಕ್ಕಿಕೊಂಡವರು ಬಾಗಿಲಿನ ಒಳಗಿನಿಂದ "ಇದ್ದೀರಾ? ಹೋಗ್ಬೇಡಿ ಸಾರ್!" ಎಂದು ಗೋಗರೆಯುವರು. ಬಾಗಿಲು ತೆರೆದದ್ದೇ ತಡ, ಅವನ ಮುಖವನ್ನೂ ನೋಡದೆ ಓಡಿಬಿಡುವರು. ಮನೆಯಲ್ಲಂತೂ ಯಾರೂ ಇರಲಿಲ್ಲ. ಹೆಂಡತಿ ಬಿಟ್ಟುಹೋಗಿ, ಬೇರೆ ಮದುವೆಯಾಗಿ, ಈಗ ಇನ್ನೊಂದು ಪಟ್ಟಣದಲ್ಲಿದ್ದಳು. ಜೊತೆಗಿದ್ದಾಗ ಅವಳು ಪದೇಪದೇ ಕೇಳುತ್ತಿದ್ದಳು: "ಭಾನುವಾರ ಆದ್ರೆ ಸಾಕು, ಓಡ್ತೀರಲ್ಲ. ಅಲ್ಲಿ ಯಾರಿದ್ದಾರೆ ನಿಮಗೆ?" ಅವನು ನಕ್ಕು ಪಿಸ್ತೂಲಿನ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಿದ್ದ. ಒಮ್ಮೆ ತಾನೂ ಬರುತ್ತೇನೆಂದಿದ್ದಳು. "ನಿನಗೆ ಬೇಜಾರಾಗುತ್ತೆ ಬಿಡು" ಎಂದಿದ್ದ.

ಆ ವರ್ಷದ ಪಂದ್ಯದಲ್ಲಿ ಅಜ್ಜಿ ಕೈಕೊಟ್ಟಳು. ಹತ್ತು ಸೆಕೆಂಡಿನಲ್ಲಿ ಐದು ಗುಂಡು ಹಾರಿಸಬೇಕಾದ ಸುತ್ತು. ಮೂರನೆಯದು ಮೂತಿ ಮೇಲೆತ್ತಿ ಅಡ್ಡಡ್ಡ ಸಿಕ್ಕಿಕೊಂಡಿತು. ಕೈಯೆತ್ತಿದ. ಅಧಿಕಾರಿ ಬಂದು ನೋಡಿ ಮತ್ತೊಮ್ಮೆ ಹೊಡೆಯಲು ಬಿಟ್ಟರು. ಆಗಲೂ ಅದೇ ಕಥೆ. ಎರಡನೇ ಸಲಕ್ಕೆ ರಿಯಾಯಿತಿ ಇಲ್ಲ. ಹಾರದ ಗುಂಡಿಗೆಲ್ಲ ಸೊನ್ನೆ.

ಬಂದೂಕು ರಿಪೇರಿಯವನು, ಗುಂಡು ತುಂಬುವ ಮ್ಯಾಗಜಿನ್ನನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. "ಪಿಸ್ತೂಲು ಗಟ್ಟಿಯಾಗೇ ಇದೆ. ಇದರ ಬಾಯಿ ಅಗಲ ಆಗೋಗಿದೆ. ಇನ್ನೊಂದು ಸಲ ಬಗ್ಗಿಸಿದ್ರೆ ತಗಡು ಕಿತ್ತು ಬರುತ್ತೆ. ಹೊಸದು ಹುಡುಕಿ."

"ಎಲ್ಲಿ ಅಂತ ಹುಡುಕಲಿ? ಮಾಡೋ ಕಂಪನೀನೇ ಮುಚ್ಚಿದೆಯಲ್ಲ."

"ಯಾರದಾದ್ರೂ ಮನೆ ಡ್ರಾಯರ್‌ನಲ್ಲಿ ಬಿದ್ದಿರುತ್ತೆ ಬಿಡಿ. ಒಳ್ಳೇ ಸಾಮಾನೆಲ್ಲ ಇರೋದು ಅಲ್ಲೇ."

ಅವನು ಸುತ್ತಮುತ್ತಲ ಕ್ಲಬ್ಬುಗಳ ಬೋರ್ಡಿಗೆಲ್ಲ ಚೀಟಿ ಅಂಟಿಸಿ ಬಂದ. ಆಸೆ ಕೈಬಿಟ್ಟಿದ್ದ ಹೊತ್ತಿಗೆ ಒಬ್ಬ ಹೆಂಗಸಿನ ಫೋನ್ ಬಂತು. ಗಂಡ ತೀರಿಕೊಂಡಿದ್ದರಂತೆ, ಅವರ ಬಳಿಯಿದ್ದ ಅದೇ ಕಂಪನಿಯ ಪಿಸ್ತೂಲನ್ನು ಪೊಲೀಸರಿಗೆ ಒಪ್ಪಿಸಿಯಾಗಿತ್ತು, ಮ್ಯಾಗಜಿನ್ ಮಾತ್ರ ಕಾಲುಚೀಲಗಳ ನಡುವೆ ಉಳಿದಿತ್ತು. ಗಂಡನ ಕ್ಲಬ್ಬಿನ ಕಾರ್ಯದರ್ಶಿ ಇವನ ನಂಬರ್ ಕೊಟ್ಟಿದ್ದ.

ನಾಲ್ಕನೇ ಮಹಡಿಯ ಮನೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತವನನ್ನು ನೋಡಿ ಆಕೆ, "ಲಿಫ್ಟ್ ರಿಪೇರಿಯವರು ಅಂತ ಫೋನಲ್ಲಿ ಅಂದ್ರಲ್ಲ, ಬರ್ತಾನೇ ಸರಿ ಮಾಡ್ಕೊಂಡು ಬರಬಾರ್ದಿತ್ತಾ?" ಎಂದರು. ಅವನಿಗೆ ನಗು ಬಂತು.

"ಹೋಗ್ತಾ ನೋಡ್ತೀನಿ ಅಮ್ಮ."

"ಅಮ್ಮ ಅನ್ಬೇಡಿ. ನಿಮ್ಮ ತಲೇನೂ ನನ್ನಷ್ಟೇ ಬೆಳ್ಳಗಿದೆ. ಅಕ್ಕ ಅನ್ನಿ, ಸಾಕು."

ಮ್ಯಾಗಜಿನ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಒಂದು ಗೀರೂ ಇರಲಿಲ್ಲ. ಅದನ್ನು ತಿರುಗಿಸಿ ನೋಡುತ್ತಿದ್ದವನ ಕಣ್ಣು ಗೋಡೆಯ ಫೋಟೋದ ಮೇಲೆ ಬಿತ್ತು. ಹತ್ತಿರ ಹೋಗಿ ನೋಡಿದ. ಉದ್ದ ಮೂಗು, ಒಂದು ಕಡೆಗೆ ವಾಲಿದ ಭುಜ. ವರ್ಷ ವರ್ಷವೂ ಪಂದ್ಯಗಳಲ್ಲಿ ಇವನ ಪಕ್ಕದ ಲೇನಿನಲ್ಲೋ ಅದರಾಚೆಗೋ ನಿಲ್ಲುತ್ತಿದ್ದ ಮನುಷ್ಯ.

"ಅವರು ನಿಮಗೆ ಗೊತ್ತಾ?" ಆಕೆಯ ದನಿ ಬದಲಾಗಿತ್ತು.

"ನೋಡಿದ್ದೆ ಅಕ್ಕ. ಪಕ್ಕಪಕ್ಕದಲ್ಲೇ ಹೊಡೀತಿದ್ವಿ."

"ಏನ್ ಮಾತಾಡೋರು ನಿಮ್ಮ ಹತ್ರ?"

ಅವರ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ. ಬಂದಾಗ ಒಂದು ತಲೆಯಾಡಿಕೆ, ಹೋಗುವಾಗ ಇನ್ನೊಂದು, ಅಷ್ಟೇ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. "ಮಾತಾಡಿಲ್ಲ ಅಕ್ಕ. ಆದ್ರೆ ಅವರು ಪ್ರತಿ ಸುತ್ತಿಗೂ ಮುಂಚೆ ಅಂಗೈನ ಪ್ಯಾಂಟಿಗೆ ಎರಡು ಸಲ ಒರೆಸ್ಕೊಳ್ತಿದ್ರು. ಗುರಿ ತಪ್ಪಿದ್ರೆ ಬೇರೆಯವರ ಥರ ಮುಖ ಸಿಂಡರಿಸ್ತಿರಲಿಲ್ಲ. ಹುಬ್ಬು ಮಾತ್ರ ಹಾರಿಸ್ತಿದ್ರು."

"ಹುಬ್ಬು..." ಎಂದು ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ಹೌದು. ಸಾರಿಗೆ ಉಪ್ಪು ಜಾಸ್ತಿ ಆದ್ರೂ ಹಾಗೇನೇ." ಫೋಟೋದ ಕಡೆ ನೋಡುತ್ತ ಕೇಳಿದರು, "ಆ ಜಾಗ ನನಗೊಂದ್ಸಲ ತೋರಿಸ್ತೀರಾ? ಅವರು ಒಂದು ಭಾನುವಾರಾನೂ ನನ್ನನ್ನ ಕರ್ಕೊಂಡು ಹೋಗ್ಲಿಲ್ಲ."

ಮುಂದಿನ ಭಾನುವಾರ ಅವನೇ ಆಕೆಯನ್ನು ಗಂಡನ ಕ್ಲಬ್ಬಿಗೆ ಕರೆದುಕೊಂಡು ಹೋದ. ಉದ್ದನೆಯ ಶೆಡ್ಡು, ಸಿಮೆಂಟು ನೆಲ, ದೂರದಲ್ಲಿ ಸಾಲಾಗಿ ಕಾಗದದ ಗುರಿಗಳು. ಆಕೆಯ ಕಿವಿಗೆ ದಪ್ಪನೆಯ ಮುಚ್ಚಿಗೆ, ಕಣ್ಣಿಗೆ ಕನ್ನಡಕ ಹಾಕಿಸಿ ಹೊಡೆಯುವ ಗೆರೆಯ ಹಿಂದಿನ ಬೆಂಚಿನಲ್ಲಿ ಕೂರಿಸಿದ. ಹೊಸ ಮ್ಯಾಗಜಿನ್ ಬೀಗಕ್ಕೆ ಕೀಲಿ ಕೂತಂತೆ ಪಿಸ್ತೂಲಿನೊಳಗೆ ಕೂತಿತು. ಐದಕ್ಕೆ ಐದೂ ಸರಾಗವಾಗಿ ಹಾರಿದವು. ಮತ್ತೆ ಐದು. ಖುಷಿಯಿಂದ ತಿರುಗಿ ನೋಡಿದ. ಆಕೆ ಗುರಿಯನ್ನು ನೋಡುತ್ತಿರಲಿಲ್ಲ. ಸಾಲಾಗಿ ನಿಂತ ಬೆನ್ನುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಎಲ್ಲರದೂ ಕಿವಿ ಮುಚ್ಚಿತ್ತು. ಒಬ್ಬರ ಕಡೆ ಇನ್ನೊಬ್ಬರು ತಿರುಗುತ್ತಿರಲಿಲ್ಲ. ಹೊಡೆದು ಮುಗಿದವರು ಪೆಟ್ಟಿಗೆ ಮುಚ್ಚಿ, ಬಂದ ಹಾಗೇ ಹೋಗುತ್ತಿದ್ದರು.

ಹೊರಗೆ ಬಂದ ಮೇಲೆ ಆಕೆ ಕೇಳಿದರು, "ಇಷ್ಟೇನಾ?"

"ಇಷ್ಟೇ ಅಕ್ಕ."

"ದಿನವಿಡೀ ಹೀಗೇನಾ? ಯಾರ ಹತ್ರಾನೂ ಮಾತಿಲ್ಲ, ಕಥೆಯಿಲ್ಲ?"

"ಇಲ್ಲ."

ಆಕೆ ಗೇಟಿನ ಕಂಬಿ ಹಿಡಿದು ನಿಂತರು. "ಇಷ್ಟು ವರ್ಷ ನಾನೇನು ಅಂದ್ಕೊಂಡಿದ್ದೆ ಗೊತ್ತಾ? ಇವರು ಇಲ್ಲಿ ಸ್ನೇಹಿತರ ಜೊತೆ ನಗ್ತಾ ಕೂತಿರ್ತಾರೆ, ನಾನೊಬ್ಳೇ ಮನೇಲಿ ಗೋಡೆ ನೋಡ್ತಾ ಕೂತಿದ್ದೀನಿ ಅಂತ. ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ! ಇಲ್ಲಿ ನೋಡಿದ್ರೆ ಇವರೂ ಒಬ್ರೇ. ಹಾಗಿದ್ರೆ ಇಬ್ರೂ ಒಟ್ಟಿಗೇ ಕೂರಬಹುದಿತ್ತಲ್ಲ?"

ಬಿಟ್ಟುಹೋದ ಹೆಂಡತಿಗೆ ಆ ಕ್ಷಣವೇ ಫೋನ್ ಮಾಡಿ ಹೇಳಬೇಕೆಂದು ಅವನಿಗೆ ಅನ್ನಿಸಿತು: ಅಲ್ಲಿ ನನಗೆ ಯಾರೂ ಇರಲಿಲ್ಲ ಕಣೇ, ನಿಜವಾಗಿಯೂ ಯಾರೂ ಇರಲಿಲ್ಲ. ಆದರೆ ಆ ಮಾತನ್ನು ಕೇಳಿಸಿಕೊಳ್ಳಬೇಕಾದ ಕಾಲ ಅವಳ ಪಾಲಿಗೆ ಎಂದೋ ಮುಗಿದಿತ್ತು.

ಆಕೆಯನ್ನು ಬಸ್ಸು ಹತ್ತಿಸಿದ. "ಮತ್ತೆ ಬರ್ತೀರಾ ಅಕ್ಕ?" ಎಂದದ್ದಕ್ಕೆ, "ಇಲ್ಲಪ್ಪ, ನೋಡಿದ್ದಾಯ್ತು" ಎಂದರು.

ಮುಂದಿನ ಪಂದ್ಯ ಶರತ್ಕಾಲದಲ್ಲಿತ್ತು. ಪಿಸ್ತೂಲು ಒಮ್ಮೆಯೂ ತಡವರಿಸಲಿಲ್ಲ. ಅವನು ಆರನೆಯವನಾಗಿ ಬಂದ. ಇಷ್ಟು ಮೇಲೆ ಅವನು ಯಾವತ್ತೂ ಬಂದಿರಲಿಲ್ಲ. ಪೆಟ್ಟಿಗೆ ಮುಚ್ಚುತ್ತಿದ್ದ ಪಕ್ಕದ ಲೇನಿನವನ ಕಡೆ ತಿರುಗಿ, ಧೈರ್ಯ ಮಾಡಿ, "ಒಂದು ಟೀ ಕುಡಿಯೋಣ್ವಾ?" ಎಂದ. ಆತ ಬೆಚ್ಚಿಬಿದ್ದವನಂತೆ ಇವನನ್ನು ನೋಡಿದ. ಕಿವಿಯ ಮುಚ್ಚಿಗೆ ತೆಗೆದು, "ಏನಂದ್ರಿ?" ಎಂದ. ಇವನು ಮತ್ತೊಮ್ಮೆ ಹೇಳಿದ. "ಅಯ್ಯೋ, ಇವತ್ತು ಆಗಲ್ಲ ಸಾರ್, ಬಸ್ಸಿಗೆ ಹೊತ್ತಾಯ್ತು" ಎಂದು ಆತ ಹೊರಟುಬಿಟ್ಟ. ಬಾಗಿಲವರೆಗೆ ಹೋದವನು ಒಮ್ಮೆ ತಿರುಗಿ ನೋಡಿದ, ಅಷ್ಟೇ.

ಟೀ ಒಬ್ಬನೇ ಕುಡಿದ. ಮನೆಗೆ ಬಂದು ಪಿಸ್ತೂಲನ್ನು ಒರೆಸಿ, ಎಣ್ಣೆ ಹಚ್ಚಿ, ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ. ಆಮೇಲೆ ಅಕ್ಕನಿಗೆ ಫೋನ್ ಮಾಡಿದ.

"ಆರನೆಯವನಾಗಿ ಬಂದೆ ಅಕ್ಕ."

"ಒಳ್ಳೇದಾಯ್ತು. ಅದು ಸಿಕ್ಕಿಕೊಳ್ಳಲಿಲ್ಲ ತಾನೇ?"

"ಇಲ್ಲ. ಚೆನ್ನಾಗಿ ನಡೀತು."

ಅವನು ಇಡಲೋ ಬೇಡವೋ ಎಂದು ಫೋನ್ ಹಿಡಿದು ನಿಂತಿದ್ದ. ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಊಟ ಆಯ್ತಾ?" ಆಕೆ ಕೇಳಿದರು.

ಯಾರಾದರೂ ಅವನನ್ನು ಹಾಗೆ ಕೇಳಿ ವರ್ಷಗಳೇ ಆಗಿದ್ದವು.

"ಇಲ್ಲ ಅಕ್ಕ. ಈಗ ಮಾಡ್ಬೇಕು."

"ಮಾಡಿ ಮತ್ತೆ, ತಡ ಮಾಡ್ಬೇಡಿ" ಎಂದು ಆಕೆ ಫೋನಿಟ್ಟರು. ಅವನು ಅಡುಗೆಮನೆಯ ದೀಪ ಹಾಕಿ, ಒಬ್ಬನಿಗಾಗುವಷ್ಟು ಅಕ್ಕಿ ತೊಳೆಯಲು ನಿಂತ.