ಎರಡು ಎಡ ತೋಳು

ನನ್ನ ಅತ್ತಿಗೆಯಂಥ ಹಟಮಾರಿಯನ್ನು ನೀವು ಕಂಡಿರಲಿಕ್ಕಿಲ್ಲ. ನಾವಿಬ್ಬರೂ ಒಂದೇ ಟೈಲರ್ ಅಂಗಡಿಯಲ್ಲಿ ಕಾಜಾ, ಗುಂಡಿ ಹೊಲಿಯುವವರು. ನನಗೆ ಅಷ್ಟೇ ಸಾಕು. ಅವಳಿಗೋ ಕೋಟು ಕಟಿಂಗ್ ಕಲಿಯುವ ಹುಚ್ಚು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಳೇ ಪೇಪರಿನ ಮೇಲೆ ಗೆರೆ ಎಳೆದೆಳೆದೇ ಕಲಿತಳು ಪುಣ್ಯಾತ್ಗಿತ್ತಿ!

ಆದರೆ ಸಂಜೆ ಆರಾಯಿತೋ, ಕತ್ತರಿ ಕೆಳಗೆ. ಮನೆಗೆ ಹೋಗಿ ಮಗಳ ಜೊತೆ ಕೇರಂ. “ಇನ್ನೊಬ್ಬರು ಕಟಿಂಗಿಗೆ ಬೇಕು, ಶುಕ್ರವಾರ ನಿನ್ನ ಕೈ ನೋಡ್ತೀನಿ” ಎಂದು ಅಂಗಡಿಯ ಮಾಸ್ಟರು ಹೇಳಿದ ದಿನವೂ ಅದೇ ಕಥೆ. ನನಗೆ ಮೈಯೆಲ್ಲ ಉರಿಯಿತು.

“ಅಲ್ಲ ಅತ್ತಿಗೆ, ಇದು ತಪ್ಪಿದ್ರೆ ಜೀವಮಾನವೆಲ್ಲಾ ಗುಂಡಿ ಹೊಲೀತಾ ಕೂರ್ಬೇಕು. ಇನ್ನೊಂದಿಷ್ಟು ಹೊತ್ತು ಇದ್ರೆ ನಿನ್ನ ಗಂಟೇನು ಹೋಗುತ್ತೆ?”

“ಕತ್ತರಿ ನಾಳೇನೂ ಹೀಗೇ ಇರುತ್ತೆ ಕಣೇ. ಮಗಳು ಹೀಗೇ ಇರ್ತಾಳಾ? ಬೆಳೆದುಬಿಡ್ತಾಳೆ.”

ಶುಕ್ರವಾರ ಮಾಸ್ಟರು ಒಳ್ಳೆಯ ಉಣ್ಣೆ ಬಟ್ಟೆ ಹಾಸಿಕೊಟ್ಟರು. ಬೆನ್ನು, ಮುಂಭಾಗ, ಎಡ ತೋಳು ಎಲ್ಲ ಕತ್ತರಿಸಿದಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬಲ ತೋಳಿಗೂ ಪೇಪರ್ ಪ್ಯಾಟರ್ನ್ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅಷ್ಟರಲ್ಲಿ ಊಟದ ಹೊತ್ತು. ಅದೊಂದನ್ನು ಮುಗಿಸಿ ಏಳಬಾರದೇ? ಊಹೂಂ! ಕೈ ತೊಳೆದು ಡಬ್ಬಿ ಬಿಚ್ಚಿದಳು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಮಹಾತಾಯಿ ಮಾತ್ರ, ಮಗಳು ಆಟದಲ್ಲಿ ಮಾಡಿದ ಮೋಸ ಹೇಳಿಕೊಂಡು ನಗುತ್ತಿದ್ದಳು.

ಊಟ ಮುಗಿಸಿ ಬಂದು ಗೆರೆ ನೋಡಿದವಳೇ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಪ್ಯಾಟರ್ನ್ ಮಗುಚೋದೇ ಮರ್ತಿದ್ದೀನಿ! ಕತ್ತರಿಸಿದ್ರೆ ಇದೂ ಎಡ ತೋಳೇ ಆಗ್ತಿತ್ತು.” ಗೆರೆ ಒರೆಸಿ, ಮಗುಚಿಟ್ಟು, ಹೊಸದಾಗಿ ಎಳೆದು ಕತ್ತರಿಸಿದಳು. ನನಗೆ ಹೋದ ಜೀವ ಬಂತು.

ಮಾಸ್ಟರು ತೋಳುಗಳನ್ನು ಎತ್ತಿ ಹಿಡಿದು ನೋಡಿದರು. “ಕೆಲಸ ನಿಂದೇ ಕಣಮ್ಮ. ಆದ್ರೆ ಕಟಿಂಗಿನೋರು ರಾತ್ರಿ ಎಂಟರ ತನಕ ಇರ್ಬೇಕು.”

ಅತ್ತಿಗೆಯ ಕಣ್ಣು ತುಂಬಿತು. ಎಷ್ಟು ಆಸೆಪಟ್ಟ ಕೆಲಸ! ಆದರೂ ಹೇಳಿದಳು: “ನಾನು ಆರಕ್ಕೆ ಹೋಗ್ತೀನಿ ಮಾಸ್ಟ್ರೇ. ಆಗಲ್ಲ ಅಂದ್ರೆ ಗುಂಡೀನೇ ಹೊಲೀತೀನಿ.”

ಭಲೇ ಅತ್ತಿಗೆ ಎಂದುಕೊಂಡೆ.

ಮಾಸ್ಟರು ಕತ್ತರಿಸುವಾಗ ಕೆಟ್ಟ ತುಂಡುಗಳ ಬುಟ್ಟಿಯನ್ನು ಮೇಜಿನ ಮೇಲೆ ಸುರಿದರು. ಎರಡು ಎಡ ತೋಳು. ಮತ್ತೆರಡು ಎಡ ತೋಳು. “ಎಲ್ಲಾ ನಾನೇ ಕತ್ತರಿಸಿದ್ದು, ಆರರ ಮೇಲೆ” ಎಂದು ನಕ್ಕರು. “ಹೋಗು ತಾಯಿ. ಆರಕ್ಕೇ ಹೋಗು.”

ಅಂದು ಆರಕ್ಕೆ ಅತ್ತಿಗೆಯ ಹಿಂದೆಯೇ ಅವರೂ ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟರು.

ಮರುದಿನ ಬೆಳಿಗ್ಗೆ ಮಾಸ್ಟರ ಹೆಂಡತಿ ಗಾಬರಿಯಿಂದ ಬಂದು ಅತ್ತಿಗೆಯನ್ನು ಮೂಲೆಗೆ ಕರೆದು ಕೇಳಿದರು: “ಇವರಿಗೆ ಮೈ ಹುಷಾರಿಲ್ವೇನಮ್ಮ? ನೆನ್ನೆ ಇನ್ನೂ ಬೆಳಕಿರುವಾಗ್ಲೇ ಮನೆಗೆ ಬಂದ್ಬಿಟ್ರು!”