ಬ್ಲೇಡು ತಿಂದ ಕಲ್ಲು

ಆ ಶಾಲೆಯ ಟ್ರಂಕಿನಲ್ಲಿ ಏನೇನಿದೆ ಎಂದು ಕೇಳಿದರೆ ಒಂದು ಮಗುವೂ ಹೇಳುತ್ತಿರಲಿಲ್ಲ. ನೋಡಿದ್ದರೆ ತಾನೇ! ರಟ್ಟಿನ ಗಡಿಯಾರ, ಮಣಿಗಳ ಚೌಕಟ್ಟು, ಹುಣಸೆಬೀಜದ ಡಬ್ಬಿ, ಅರ್ಧ, ಕಾಲು ತೋರಿಸಲಿಕ್ಕೆ ಬಣ್ಣದ ಕಾಗದ ಅಂಟಿಸಿದ ರೊಟ್ಟಿಯಾಕಾರದ ತುಂಡುಗಳು, ಎಲ್ಲ ಜಾನಕೀಬಾಯಿ ಟೀಚರ್ ರಜೆಯಲ್ಲಿ ಕೂತು ಮಾಡಿದ್ದು. ತಪಾಸಣೆಗೆ ಸಾಹೇಬರು ಬಂದ ದಿನ ಅವು ಮೇಜಿನ ಮೇಲೆ ಬರುತ್ತಿದ್ದವು. ಸಾಹೇಬರ ಜೀಪು ತಿರುಗಿದ ಕೂಡಲೇ ಮತ್ತೆ ಟ್ರಂಕಿಗೆ. ಕೀಲಿಕೈ ಮಾತ್ರ ಹೆಡ್‌ಮಾಸ್ತರ ಸಂಗಣ್ಣನವರ ಒಳಜೇಬಿನಲ್ಲಿ, ಪಿನ್ನು ಹಾಕಿಕೊಂಡು ಮಲಗಿರುತ್ತಿತ್ತು.

ಸಂಗಣ್ಣನವರು ಕೆಟ್ಟವರಲ್ಲ. ಮೂರು ವರ್ಷದ ಹಿಂದೆ ಶಾಲೆಯ ನಕಾಶೆಗಳನ್ನೆಲ್ಲ ಗೆದ್ದಲು ತಿಂದಿತ್ತು. ಅದಕ್ಕೆ ಅವರು ಮೇಲಿನವರಿಗೆ ಎರಡು ಸಲ ಲಿಖಿತ ಉತ್ತರ ಕೊಡಬೇಕಾಗಿ ಬಂದಿತ್ತು. ಆವತ್ತಿನಿಂದ ಅವರಿಗೆ ಕೀಲಿಯೊಂದೇ ನಂಬಿಗಸ್ತ.

ವಾಡಿಯಿಂದ ರಾವೂರದ ಕಡೆ ಹೋಗುವ ರಸ್ತೆಯಲ್ಲಿ, ಕಲ್ಲಿನ ಗಣಿಗಳ ನಡುವೆ ಇತ್ತು ಆ ಶಾಲೆ. ಅದು ೧೯೯೮ನೇ ಇಸವಿ. ಜೂನ್ ಕಳೆದು ಜುಲೈ ಬಂದಿತ್ತು. ನಾಲ್ಕನೇ ಇಯತ್ತೆಯ ಬೋರ್ಡಿನ ಮೇಲೆ ಜಾನಕೀಬಾಯಿ ಒಂದರ ಕೆಳಗೆ ಎರಡು ಬರೆದರು, ಪಕ್ಕದಲ್ಲಿ ಒಂದರ ಕೆಳಗೆ ನಾಲ್ಕು ಬರೆದರು.

"ಯಾವುದು ದೊಡ್ಡದು?"

"ನಾಲ್ಕಿಂದು!" ಎಂದು ಇಡೀ ಕ್ಲಾಸು ಕೂಗಿತು.

"ಯಾಕ?"

"ನಾಲ್ಕು ದೊಡ್ಡದಲ್ಲೇನ್ರಿ ಟೀಚರ್," ಎಂದಳು ಹುಮೇರಾ, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. ದಿನಾ ಅಂಗಡಿಗೆ ಹೋಗುವ ಹುಡುಗಿ. ಅರ್ಧ ಕಿಲೋ ಹೇಳಿ ಪಾವ್ ಕಿಲೋ, ಅಂದರೆ ಕಾಲು ಕಿಲೋ, ಸಕ್ಕರೆ ತೂಗಿದರೆ ಅಂಗಡಿಯವನ ಜೊತೆ ಜಗಳಕ್ಕೇ ನಿಲ್ಲುವವಳು. ಆದರೆ ಬೋರ್ಡಿನ ಮುಂದೆ ಮೋಸ ಹೋಗಿದ್ದಳು.

ಜಾನಕೀಬಾಯಿ ನೆಟ್ಟಗೆ ಹೆಡ್‌ಮಾಸ್ತರರ ಕೋಣೆಗೆ ಹೋದರು. "ಸರ್, ಟ್ರಂಕ್ ಬಿಚ್ಚರಿ. ರೊಟ್ಟಿ ತುಂಡು ಬೇಕಾಗ್ಯಾವ."

"ಮಕ್ಕಳ ಕೈಯಾಗ ಕೊಟ್ರ ಒಂದು ದಿನಾನೂ ಬಾಳಂಗಿಲ್ಲ, ಬಾಯಿಯವರ. ನಾಳಿ ಯಾರರ ಬಂದು ಕೇಳಿದ್ರ ನಾ ಏನ್ ತೋರಸ್ಲಿ?"

"ಮಕ್ಕಳಿಗಿ ತಿಳದದ್ದು ತೋರಸ್ರಿ."

ಸಂಗಣ್ಣನವರು ನಕ್ಕರು. "ಹುಳ ತಿನ್ನಲಾರದ್ದು, ಹರೀಲಾರದ್ದು ಏನರ ಇದ್ರ ತರ್ರಿ. ಅದಕ್ಕ ನಾ ಕೀಲಿ ಹಾಕಂಗಿಲ್ಲ. ಶನಿವಾರ ನಾನೇ ಬಂದು ಕುಂದರ್ತೀನಿ. ಮಕ್ಕಳಿಗಿ ತಿಳೀತು ಅಂದ್ರ ಟ್ರಂಕೂ ಬಿಚ್ಚತೀನಿ, ಆಯ್ತಿಲ್ಲ?"

ಮಾತು ಮುಗಿಸಲಿಕ್ಕೆ ಅವರು ಆಡಿದ ಮಾತದು. ಜಾನಕೀಬಾಯಿ ಅದನ್ನು ಗಂಟು ಕಟ್ಟಿಕೊಂಡರು. ಐವತ್ತೆರಡು ವರ್ಷದ ಹೆಂಗಸು. ನಿವೃತ್ತಿಗೆ ಆರೇ ವರ್ಷ ಉಳಿದಿತ್ತು. ತಾನು ಮಾಡಿದ ಸಾಮಾನು ತನ್ನ ಕಣ್ಣೆದುರಿಗೇ ಕತ್ತಲಲ್ಲಿ ಕೊಳೆಯುವುದನ್ನು ಇನ್ನು ನೋಡಲಾರೆ ಎಂದು ಅವರಿಗೆ ಅನ್ನಿಸಿತ್ತು.

ಹುಳ ತಿನ್ನಲಾರದ್ದು, ಹರಿಯಲಾರದ್ದು ಆ ಊರಿನಲ್ಲಿ ಎಲ್ಲಿ ನೋಡಿದರೂ ಬಿದ್ದಿತ್ತು. ಶಾಲೆ ಬಿಟ್ಟ ಮೇಲೆ ಅವರು ಹುಮೇರಾಳ ತಂದೆ ಗುಲಾಮ ದಸ್ತಗೀರ ಕೆಲಸ ಮಾಡುವ, ನೆಲಕ್ಕೆ ಹಾಸುವ ಕಲ್ಲು ಕೊಯ್ಯುವ ಪರಸಿ ಕಾರ್ಖಾನೆಗೆ ನಡೆದರು. ಮಶೀನು ಕಿರ್ರೆನ್ನುತ್ತಿತ್ತು. ತಲೆಯಿಂದ ಕಾಲಿನವರೆಗೆ ಬಿಳಿಯಾಗಿದ್ದ ದಸ್ತಗೀರ ಅವರನ್ನು ಕಂಡು ಮಶೀನು ನಿಲ್ಲಿಸಿದ.

"ಅರೆ ಟೀಚರಮ್ಮಾ, ಬರ್ರಿ ಬರ್ರಿ! ನಮ್ಮ ಹುಡುಗಿ ಏನರ ಲಫಡಾ ಮಾಡ್ಯಾಳೇನ್ರಿ?"

"ಇಲ್ಲಪಾ. ನನಗೇ ಒಂದು ಲಫಡಾ ಆಗ್ಯದ. ಉಳದ ಕಲ್ಲಿಂದು ಒಂದೊಂದು ಫೂಟಿನ ಪಟ್ಟಿ ಕೊಯ್ದು ಕೊಡು. ಒಂದು ಇಡೀ ಇರ್ಲಿ. ಒಂದು ಎರಡು ಸಮ ಭಾಗ, ಇನ್ನೊಂದು ನಾಲ್ಕು ಸಮ ಭಾಗ. ಇಂಥವು ಹತ್ತು ಜೋಡಿ."

"ಇಷ್ಟೇ ಏನ್ರಿ? ನಾಳಿಗೇ ಹುಮೇರಾನ ಕೈಯಾಗ ಕಳಸ್ತೀನಿ."

"ಆ ಹುಡುಗಿ ತಲಿಮ್ಯಾಲ ಕಲ್ಲು ಹೊರಸಬ್ಯಾಡ. ನಾನೇ ಬರ್ತೀನಿ."

ಮರುದಿನ ಟಂಟಂ ಗಾಡಿಯಲ್ಲಿ ಕಲ್ಲು ಶಾಲೆಗೆ ಬಂತು. ಮಕ್ಕಳು ಜೋಡಿಸಿದರು, ಕೆಡವಿದರು, ಒಂದರ ಮೇಲೊಂದು ಇಟ್ಟರು. ಕಾಲು ಭಾಗದ ತುಂಡನ್ನು ಅರ್ಧದ ತುಂಡಿನ ಮೇಲಿಟ್ಟ ಭೀಮಶ್ಯಾ ಬೋರ್ಡಿನ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ, ತಲೆ ಕೆರೆದುಕೊಂಡ. "ಟೀಚರ್, ತಳಗಿನ ಅಂಕಿ ದೊಡ್ಡದಾದಂಗ ಕಲ್ಲು ಸಣ್ಣದಾಗ್ಲಿಕತ್ತದರಿ!" ಜಾನಕೀಬಾಯಿಗೆ ಕುಣಿಯುವಷ್ಟು ಸಂತೋಷವಾಯಿತು.

ಶನಿವಾರ ಬೆಳಿಗ್ಗೆ ಸಂಗಣ್ಣನವರು ಕುರ್ಚಿ ಹಾಕಿಸಿಕೊಂಡು ಕೂತರು. ಹುಮೇರಾ ಇಡೀ ಪಟ್ಟಿಯನ್ನು ನೆಲದ ಮೇಲಿಟ್ಟು, ಅದರ ಕೆಳಗೆ ನಾಲ್ಕು ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿದಳು.

"ನಾಲ್ಕು ಕಾಲು ಸೇರಿದ್ರ ಒಂದು, ಸರ್."

ಸಂಗಣ್ಣನವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಎಲ್ಲಿ ಒಂದಾಗ್ಯದವ್ವಾ? ಇಲ್ಲಿ ಒಂದು ಬೆರಳು ಕಮ್ಮಿ ಬಿದ್ದದ."

ಹೌದು, ಕಮ್ಮಿ ಬಿದ್ದಿತ್ತು. ಯಾವುದು ದೊಡ್ಡದು, ಯಾವುದು ಚಿಕ್ಕದು ಎನ್ನುವುದರಲ್ಲೇ ಮುಳುಗಿದ್ದ ಜಾನಕೀಬಾಯಿ ತುದಿಗೆ ತುದಿ ಕೂಡಿಸಿ ನೋಡಿರಲೇ ಇಲ್ಲ.

"ನಾಲ್ಕು ಕಾಲು ಕೂಡಿ ಒಂದಕ್ಕ ಕಮ್ಮಿ! ಭಾಳ ಛಲೋ ಗಣಿತ ಕಲಸ್ಲಿಕತ್ತೀರಿ ಬಾಯಿಯವರ," ಎಂದರು ಸಂಗಣ್ಣನವರು.

ಕಲ್ಲನ್ನು ಸರಿಸಿ ಪಾಠ ಮುಗಿಸಿಬಿಡಬಹುದಿತ್ತು. ಜಾನಕೀಬಾಯಿ ಸರಿಸಲಿಲ್ಲ. ಮಕ್ಕಳ ಕಡೆ ತಿರುಗಿದರು. "ಸರ್ ಹೇಳಿದ್ದು ಖರೇ ಅದ. ಆ ಒಂದು ಬೆರಳು ಕಲ್ಲು ಎಲ್ಲಿ ಹೋಯ್ತು?"

ಹುಮೇರಾ ಅರ್ಧದ ತುಂಡುಗಳೆರಡನ್ನು ಎಳೆದುಕೊಂಡು ಇಡೀ ಪಟ್ಟಿಯ ಇನ್ನೊಂದು ಬದಿಗೆ ಜೋಡಿಸಿದಳು. ಅಲ್ಲಿಯೂ ಕಮ್ಮಿಯಿತ್ತು, ಆದರೆ ಅಷ್ಟಲ್ಲ.

"ಬ್ಲೇಡ್ ತಿಂದದರಿ ಟೀಚರ್."

"ಏನು?"

"ಎರಡು ಮಾಡ್ಲಿಕ್ಕ ಒಂದೇ ಕೊಯ್ತ. ಅದಕ್ಕ ಇಷ್ಟೇ ತಿಂದದ. ನಾಲ್ಕು ಮಾಡ್ಲಿಕ್ಕ ಮೂರು ಕೊಯ್ತ ಬೇಕು. ಅದಕ್ಕ ಇಲ್ಲಿ ಇಷ್ಟು ತಿಂದದ." ಅವಳು ಬೆರಳಿನಿಂದ ಎರಡೂ ಸಂದುಗಳನ್ನು ಅಳೆದು ತೋರಿಸಿದಳು. "ತಿಂದದ್ದೆಲ್ಲ ಧೂಳಾಗಿ ನಮ್ಮ ಅಬ್ಬಾನ ತಲಿಮ್ಯಾಲ ಕುಂತಿರ್ತದರಿ. ಅಮ್ಮಿ ದಿನಾ ಬೈತಾಳ."

ಮಕ್ಕಳು ಗೊಳ್ಳೆಂದು ನಕ್ಕರು. ಸಂಗಣ್ಣನವರು ನಗಲಿಲ್ಲ. ಬಗ್ಗಿ ಆ ಎರಡೂ ಸಂದುಗಳಲ್ಲಿ ತಾವೂ ಬೆರಳಿಟ್ಟು ನೋಡಿದರು. ಆಮೇಲೆ ಎದ್ದು, "ಹುಡುಗಿ ಶಾಣ್ಯಾ ಅದ. ಆದ್ರ ಸಾಮಾನು ಸುಳ್ಳದ. ಸುಳ್ಳು ಸಾಮಾನು ಇಟಗೊಂಡು ನಾ ಟ್ರಂಕ್ ಬಿಚ್ಚಂಗಿಲ್ಲ," ಎಂದರು.

"ಸೋಮವಾರ ಖರೇ ಸಾಮಾನು ತರ್ತೀನಿ, ಸರ್."

ಜಾನಕೀಬಾಯಿ ಮನೆಗೆ ಹೋಗಲಿಲ್ಲ. ಉರಿಬಿಸಿಲಿನಲ್ಲಿ ಮತ್ತೆ ಕಾರ್ಖಾನೆಗೆ ಹೋದರು. ವಿಷಯ ಕೇಳಿದ ದಸ್ತಗೀರ ನಾಲಗೆ ಕಚ್ಚಿಕೊಂಡ.

"ತೋಬಾ! ನಮ್ಮ ಧಂದೇದಾಗ ಒಂದು ಫೂಟ್ ಅಂದ್ರ ಯಾವತ್ತೂ ಪೂರಾ ಒಂದು ಫೂಟ್ ಇರಂಗಿಲ್ರಿ ಟೀಚರಮ್ಮಾ. ಬ್ಲೇಡಿಂದು ಹಿಡದೇ ಲೆಕ್ಕ. ತಗೊಳ್ಳಾವ್ರಿಗೂ ಗೊತ್ತು, ಕೊಡಾವ್ರಿಗೂ ಗೊತ್ತು. ಸಾಲಿಯಾಗ ನಡ್ಯಂಗಿಲ್ಲ ಅಂತ ನನಗ ಹೊಳೀಲೇ ಇಲ್ಲ."

"ಈಗ ಏನ್ ಮಾಡೋದು?"

"ಒಂದೇ ಕಲ್ಲು ನಾಲ್ಕು ಮಾಡಬಾರ್ದು. ಪ್ರತಿಯೊಂದು ತುಂಡು ಬ್ಯಾರೆ ಕಲ್ಲಿಂದು ಅಳದು, ಒಂದೀಟು ಹೆಚ್ಚಿಗಿ ಕೊಯ್ದು, ಕೈಲೆ ತಿಕ್ಕಿ ಸಮ ಮಾಡಬೇಕು. ಟೈಮ್ ಹಿಡಿತದರಿ."

"ಹಿಡೀಲಿ. ನಾನೂ ತಿಕ್ಕತೀನಿ."

"ನೀವಾ?"

"ಯಾಕ, ನನಗ ಕೈ ಇಲ್ಲೇನು?"

ಭಾನುವಾರ ಇಡೀ ದಿನ ಅವರು ಒರಟುಕಲ್ಲಿನ ಮುಂದೆ ಕೂತು, ನೀರು ಚಿಮುಕಿಸಿ, ತುಂಡುಗಳ ಅಂಚು ತಿಕ್ಕಿದರು. ಪ್ರತಿ ತುಂಡನ್ನೂ ದಸ್ತಗೀರನ ಉಕ್ಕಿನ ಅಳತೆಪಟ್ಟಿಗೆ ಹಿಡಿದು ನೋಡಿದರು. ಒಂದು ಕೂದಲು ಹೆಚ್ಚಿದ್ದರೂ ಮತ್ತೆ ತಿಕ್ಕಿದರು. ಸಂಜೆ ಅವರ ಸೀರೆಯ ಬಣ್ಣ ಗುರುತು ಸಿಗದಂತಾಗಿತ್ತು. "ಈಗ ನೀವೂ ನಮ್ಮ ಜಮಾತಿನವರು ನೋಡ್ರಿ," ಎಂದು ದಸ್ತಗೀರ ನಕ್ಕ.

ಸೋಮವಾರ ಸಂಗಣ್ಣನವರು ಕುರ್ಚಿ ಕೇಳಲಿಲ್ಲ. ಪಂಚೆ ಎತ್ತಿಕೊಂಡು ನೆಲದ ಮೇಲೇ ಕೂತರು. ನಾಲ್ಕು ತುಂಡುಗಳನ್ನು ಇಡೀ ಪಟ್ಟಿಯ ಪಕ್ಕಕ್ಕೆ ತಾವೇ ಜೋಡಿಸಿ, ಎರಡರ ತುದಿಯ ಮೇಲೂ ಉಗುರು ಎಳೆದರು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ತುಂಡುಗಳನ್ನು ಅದಲುಬದಲು ಮಾಡಿ ಮತ್ತೆ ಎಳೆದರು. ಆಮೇಲೆ ಹಳೆಯ ಗಿಡ್ಡ ತುಂಡುಗಳ ಕಡೆ ಕೈ ತೋರಿಸಿದರು. "ಇವು ಹೊರಗ ಒಗೀರಿ."

"ಬ್ಯಾಡ್ರಿ ಸರ್," ಎಂದಳು ಹುಮೇರಾ. "ಮೂರನೇ ಇಯತ್ತೆಯವರಿಗಿ ಕೇಳಬೇಕರಿ, ಕಲ್ಲು ಎಲ್ಲಿ ಹೋಯ್ತಂತ."

ಸಂಗಣ್ಣನವರ ಮೀಸೆಯಡಿ ನಗು ಹಣಿಕಿತು. "ಕಲ್ಲಿಗಿ ಕೀಲಿ ಹಾಕಂಗಿಲ್ಲ ಬಾಯಿಯವರ. ಇಲ್ಲೇ ಇರ್ಲಿ," ಎಂದು ಎದ್ದರು.

ಜಾನಕೀಬಾಯಿ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ತಿಕ್ಕಿ ತಿಕ್ಕಿ ಬೊಬ್ಬೆಯೆದ್ದ ಅಂಗೈಯನ್ನು ಮುಂದೆ ಚಾಚಿದ್ದರು.

"ಟ್ರಂಕಿಂದು ಕೀಲಿಕೈ, ಸರ್."

"ಅಲ್ರಿ, ರಟ್ಟು ಕಲ್ಲಲ್ಲಲ್ಲ. ಹರದ್ರ?"

"ಹರದ್ರ ಮತ್ತ ಮಾಡ್ತೀನಿ."

ಚಾಚಿದ ಕೈ ಹಿಂದೆ ಸರಿಯಲಿಲ್ಲ. ಸಂಗಣ್ಣನವರು ಆ ಅಂಗೈಯನ್ನು ನೋಡಿದರು. ಆಮೇಲೆ ನಿಧಾನವಾಗಿ ಒಳಜೇಬಿನ ಪಿನ್ನು ಬಿಚ್ಚತೊಡಗಿದರು.