ಸ್ಮಶಾನದ ದಾರಿಗೆ ಹಾಕಿದ ಗೇಟು

ಜಯಂತನಿಗೆ ಜಮೀನಿನ ಹುಚ್ಚು ಹಿಡಿದದ್ದು ಐವತ್ತು ದಾಟಿದ ಮೇಲೆ. ಆ ವಯಸ್ಸಿಗೆ ಕೆಲವರು ಮ್ಯಾರಥಾನ್ ಓಡಲು ಹೊರಡುತ್ತಾರೆ, ಕೆಲವರು ಗೀತೆ ಕಂಠಪಾಠ ಮಾಡುತ್ತಾರೆ. ಇವನು ಡಲ್ಲಾಸಿನ ಲಾಸ್ ಕೊಲಿನಾಸ್‌ನ ಗಾಜಿನ ಆಫೀಸಿನಲ್ಲಿ ಕೂತು, ಮೀಟಿಂಗ್ ನಡೆಯುವಾಗಲೇ, ಆಸ್ಟಿನ್ನಿನ ಆಚೆ ಎಲ್ಲಿ ನೆಲ ಮಾರಾಟಕ್ಕಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದ. ಮೈಸೂರಿನ ಒಂಟಿಕೊಪ್ಪಲಿನ ವಠಾರದಲ್ಲಿ ಬೆಳೆದ ಆಸಾಮಿ. ಮನೆಯ ತುಳಸಿ ಗಿಡಕ್ಕೂ ಹೆಂಡತಿಯೇ ನೀರು ಹಾಕಬೇಕು. ಅಂಥವನು ಒಂದು ಸಂಜೆ ಡಲ್ಲಾಸ್ ಪಕ್ಕದ ಮೆಕಿನ್ನಿಯ ಮನೆಗೆ ಬಂದು, "ಇಂದು, ಹನ್ನೆರಡು ಎಕರೆ ತಗೊಂಡಿದೀನಿ. ಇನ್ನು ಡಲ್ಲಾಸ್ ಸಾಕು, ಹಳ್ಳಿಗೆ ಶಿಫ್ಟ್ ಆಗೋಣ" ಅಂದ. ಚಪಾತಿ ಹಿಟ್ಟು ಕಲಸುತ್ತಿದ್ದ ಇಂದುಮತಿ ಕೇಳಿದ್ದು ಒಂದೇ ಮಾತು: "ಅಲ್ಲಿ ಮಾತಾಡೋಕೆ ಯಾರಿದಾರೆ?"

ಯಾರೂ ಇರಲಿಲ್ಲ. ಲಾ ನೋರಿಯಾ ಅಂತ ಊರ ಹೆಸರು. ಒಂದು ಪುಟ್ಟ ಚರ್ಚು, ಅದರ ಸುತ್ತ ಒಂದಷ್ಟು ತಗ್ಗಿನ ಮನೆಗಳು, ಮೇಕೆ, ಕೋಳಿ. ಟೆಕ್ಸಸ್ಸಿನ ನೆಲವೇ ಹೌದು, ಆದರೆ ಮುತ್ತಜ್ಜಂದಿರ ಕಾಲದಿಂದ ಅಲ್ಲಿನವರ ಬಾಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಿಲ್ಲ. ಈಚೆಗೆ ಆಸ್ಟಿನ್ನಿನಿಂದ, ಹ್ಯೂಸ್ಟನ್ನಿನಿಂದ ಕಾಸಿರುವ ಜನ ಬಂದು ಊರ ಸುತ್ತಲಿನ ಹೊಲಗಳನ್ನು ಕೊಂಡು ಬೇಲಿ ಹಾಕತೊಡಗಿದ್ದರು. ಊರವರು ಅವರನ್ನೆಲ್ಲ ಒಂದೇ ಹೆಸರಿಗೆ ಸೇರಿಸಿ 'ಇಂಗ್ಲಿಷಿನವರು' ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ಇಂದುಮತಿಯೂ ಸೇರಿಹೋದಳು. ಡಲ್ಲಾಸಿನಲ್ಲಿ ಅಂಗಡಿಯವಳು ಕೂಡ "ಏನಂದ್ರಿ?" ಎಂದು ಎರಡು ಸಲ ಕೇಳಿಸಿಕೊಳ್ಳುತ್ತಿದ್ದ ಇಂಗ್ಲಿಷ್ ಅವಳದು. ಇಲ್ಲಿ ಬಂದು ಇಂಗ್ಲಿಷಿನವಳಾಗಿಬಿಟ್ಟಳು. ಹಣೆಬರಹ ಅಂದರೆ ಇದೇ ಇರಬೇಕು.

ಮನೆ ಕಟ್ಟುವ ತನಕ ಜಮೀನಿನ ಮೂಲೆಯಲ್ಲಿ, ಗಾಲಿಯ ಮೇಲಿನ ಒಂದು ಟ್ರೇಲರ್ ಮನೆಯಲ್ಲಿ ಇದ್ದರು. ಇದ್ದರು ಅನ್ನುವುದು ಹೆಸರಿಗೆ. ಜಯಂತ ವಾರದಲ್ಲಿ ಮುಕ್ಕಾಲು ಪಾಲು ಡಲ್ಲಾಸಿನಲ್ಲೇ ಇರುತ್ತಿದ್ದ. ಹಳ್ಳಿ ಜೀವನದ ಕನಸು ಅವನದು, ಹಳ್ಳಿಯಲ್ಲಿ ಜೀವಿಸುವ ಕೆಲಸ ಇವಳದು. ಮಗಳು ಸಮೀಕ್ಷಾ ಹ್ಯೂಸ್ಟನ್ನಿನಲ್ಲಿ ಕೆಲಸದಲ್ಲಿದ್ದಳು. ತಾಯಿ ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹೇಳಿ, ಇನ್ನೊಂದು ಕಾಲ್ ಬರ್ತಿದೆ ಎಂದು ಇಟ್ಟುಬಿಡುತ್ತಿದ್ದಳು. ಆ ಮೊದಲ ಬೇಸಿಗೆಯಲ್ಲಿ ಇಂದುಮತಿಗೆ ತನ್ನ ದನಿ ತನಗೇ ಮರೆತುಹೋಗುತ್ತದೇನೋ ಎಂದು ಭಯವಾಗಿತ್ತು.

ಆಗ ಬಂದವಳು ಒಫೇಲಿಯಾ. ಬೇಲಿಯಾಚೆಯ ಮನೆಯ ಮುದುಕಿ, ಎಪ್ಪತ್ತು ದಾಟಿದ್ದಳು. ಸೆರಗಿನಂತೆ ಮಡಚಿ ಹಿಡಿದ ಏಪ್ರನ್ನಿನಲ್ಲಿ ಕೋಳಿಮೊಟ್ಟೆ ತುಂಬಿಕೊಂಡು ಬಂದು, ಹೇಳದೆ ಕೇಳದೆ ಟ್ರೇಲರಿನ ಮೆಟ್ಟಿಲ ಮೇಲೆ ಕೂತಳು. ಮೊಟ್ಟೆ ತಿನ್ನುವುದಿಲ್ಲ ಎಂದು ಹೇಳಲು ಇಂದುಮತಿಗೆ ಮಾತು ಬರಲಿಲ್ಲ, ತೆಗೆದುಕೊಂಡಳು. ಬದಲಿಗೆ ಉಪ್ಪಿನಕಾಯಿ ಕೊಟ್ಟಳು. ಮುದುಕಿ ಬೆರಳಲ್ಲಿ ಅದ್ದಿ ನೆಕ್ಕಿ, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಸಲ ಅದ್ದಿದಳು. ಮಾರನೆಯ ದಿನ ಮತ್ತೆ ಬಂದಳು, ಆಮೇಲೆ ಬರುವುದನ್ನು ನಿಲ್ಲಿಸಲೇ ಇಲ್ಲ.

ಅವಳಿಗೆ ಇಂಗ್ಲಿಷ್ ಬಾರದು, ಇವಳಿಗೆ ಸ್ಪ್ಯಾನಿಷ್ ಬಾರದು. ಹೇಗೂ ತಿಳಿಯದ ಮೇಲೆ ಇಂಗ್ಲಿಷಿನ ಹಂಗೇಕೆ ಎಂದು ಇಂದುಮತಿ ಕನ್ನಡದಲ್ಲೇ ಶುರುಮಾಡಿದಳು. ಇಬ್ಬರೂ ಕೂತು ಜೋಳ ಬಿಡಿಸುತ್ತ, ಮೆಣಸಿನಕಾಯಿ ತೊಟ್ಟು ಮುರಿಯುತ್ತ, ಅವರವರ ಭಾಷೆಯಲ್ಲಿ ಅವರವರ ಸಂಕಟ ಹೇಳಿಕೊಂಡರು. ಅತ್ತೆಯ ಕಾಟ, ಉಳಿಯದೆ ಹೋದ ಮೊದಲ ಮಗು, ಗಂಡನ ಮೊಂಡುತನ — ಮೆಕಿನ್ನಿಯ ಗೆಳತಿಯರ ಹತ್ತಿರ ಬಾಯಿ ಬಿಡದಿದ್ದದ್ದನ್ನೆಲ್ಲ ಇಂದುಮತಿ ಈ ಮುದುಕಿಯ ಮುಂದೆ ಸುರಿದಳು. "ಒಫೇಲಿಯಮ್ಮ, ನಿಮಗೆ ಅರ್ಥ ಆಗಲ್ಲ ಅಂತಾನೇ ಹೇಳ್ತಿದೀನಿ" ಎನ್ನುತ್ತಿದ್ದಳು. ಮುದುಕಿ ಅವಳ ತೊಡೆ ತಟ್ಟಿ ಏನೋ ಹೇಳುತ್ತಿದ್ದಳು. ಅಮೆರಿಕಕ್ಕೆ ಬಂದ ಇಷ್ಟು ವರ್ಷಗಳಲ್ಲಿ ಅಷ್ಟು ಹಗುರಾಗಿ ಅವಳು ಯಾರೊಂದಿಗೂ ಮಾತಾಡಿರಲಿಲ್ಲ.

ಊರಿನ ಹೆಣಗಳು ಹೋಗುವ ದಾರಿ ಇವರ ಜಮೀನಿನ ನಡುವೆ ಇತ್ತು. ಚರ್ಚಿನಿಂದ ನೇರವಾಗಿ ಬರುವ ಮಣ್ಣಿನ ಹಾದಿ, ಹಿಂದಿನ ದಿಬ್ಬದ ಮೇಲಿನ ಸ್ಮಶಾನಕ್ಕೆ ಹೋಗುತ್ತಿತ್ತು. ಸತ್ತವರನ್ನು ಅವರು ಕಾರಿನಲ್ಲಿ ಒಯ್ಯುವುದಿಲ್ಲ. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಅದೇ ಹಾದಿಯಲ್ಲಿ ನಡೆಯುತ್ತಾರೆ. ಅಪ್ಪ ಹೋದ ದಾರಿಯಲ್ಲೇ ಮಗ ಹೋಗಬೇಕು ಎಂಬುದು ಅಲ್ಲಿನ ಕಟ್ಟಳೆ. ಜಯಂತ ಕಟ್ಟಿಸುತ್ತಿದ್ದ ಮನೆಯ ಹೆಬ್ಬಾಗಿಲಿಗೆ ಸರಿಯಾಗಿ ಎದುರಿಗೇ ಆ ಹಾದಿ ಬಂದು ಪಕ್ಕಕ್ಕೆ ತಿರುಗುತ್ತಿತ್ತು.

ಬೆಂಗಳೂರಿನ ಜಯನಗರದಿಂದ ವಾಸ್ತು ಹೇಳುವ ರಾಮಮೂರ್ತಿಗಳು ವಿಡಿಯೋದಲ್ಲಿ ಅದನ್ನು ನೋಡಿ ನಾಲಿಗೆ ಕಚ್ಚಿಕೊಂಡರು. "ವೀಥಿಶೂಲ ಸ್ವಾಮಿ ಇದು. ದಾರಿ ಬಂದು ಬಾಗಿಲಿಗೇ ಚುಚ್ತಿದೆ. ಅದರ ಮೇಲೆ ಸ್ಮಶಾನದ ದಾರಿ ಬೇರೆ. ಮುಚ್ಚಿಸಿಬಿಡಿ" ಅಂದರು. ಸುಳ್ಳು ಯಾಕೆ ಹೇಳಬೇಕು, ಜಯಂತ ಹಿಂದೆಮುಂದೆ ನೋಡಿದ. "ಹಳೇ ಕಾಲದ ಜನ ಕಣೆ. ವರ್ಷಕ್ಕೆ ಒಂದೋ ಎರಡೋ ಸಾವು. ಹೋಗ್ಲಿ ಬಿಡು" ಅಂದ. ಬಿಡದವಳು ಇಂದುಮತಿ. ತವರಿನ ಬೀದಿಯಲ್ಲಿ ಹೆಣ ಹೋದರೆ ಅವಳ ತಾಯಿ ಬಾಗಿಲು ಮುಚ್ಚಿ, ಹೋದ ಮೇಲೆ ಹೊಸಲಿಗೆ ನೀರು ಹಾಕುತ್ತಿದ್ದಳು. ಆ ಹೆದರಿಕೆ ಸಮುದ್ರ ದಾಟಿದರೂ ಹೋಗಿರಲಿಲ್ಲ. "ನಾಳೆ ಸಮೀಕ್ಷಾ ಬಾಣಂತನಕ್ಕೆ ಬರ್ತಾಳೆ, ಎಳೇ ಮಗು ಇರುತ್ತೆ. ಬಾಗಿಲ ಮುಂದೆ ಹೆಣ ಹೋಗೋದು ನನಗೆ ಬೇಡ ರೀ" ಅಂದಳು. ಸಮೀಕ್ಷಾಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ.

ವಕೀಲ ಸುಲಭ ದಾರಿ ತೋರಿಸಿದ. ಸ್ಮಶಾನಕ್ಕೆ ಹೋಗಲು ಜಾಗ ಬಿಡಲೇಬೇಕು, ಆದರೆ ಎಲ್ಲಿ ಬಿಡಬೇಕೆಂಬುದು ನಿಮಗೆ ಸೇರಿದ್ದು ಅಂದ. ಜಮೀನಿನ ಅಂಚಿನ ಹಳ್ಳದ ಪಕ್ಕ ಒಂದು ಪಟ್ಟಿ ನೆಲ ಬಿಟ್ಟರು. ಹಳೆಯ ಹಾದಿಗೆ ಕಬ್ಬಿಣದ ಗೇಟು ಬಂತು. ಫೋನಿನಲ್ಲಿ ಒತ್ತಿದರೆ ತೆಗೆದುಕೊಳ್ಳುವ ಗೇಟು. ಊರವರಿಗೆ ಇಂಗ್ಲಿಷಿನಲ್ಲಿ ಒಂದು ನೋಟಿಸು ಹೋಯಿತು. ಯಾರೂ ಜಗಳಕ್ಕೆ ಬರಲಿಲ್ಲ. ಅಷ್ಟರಲ್ಲಿ ಹಾಸಿಗೆ ಹಿಡಿಯುವ ಹಾಗಾಗಿದ್ದ ಒಫೇಲಿಯಾ ಮಾತ್ರ ಕೋಲೂರಿಕೊಂಡು ಬಂದಳು. ಗೇಟನ್ನು ಕೈಯಿಂದ ಸವರಿ ನೋಡಿದಳು. ಇಂದುಮತಿಯ ಮುಖ ನೋಡಿ, ಏನಿದು ಎನ್ನುವಂತೆ ಕೈ ತಿರುಗಿಸಿದಳು.

"ಸೇಫ್ಟಿ," ಅಂದಳು ಇಂದುಮತಿ. "ಫಾರ್ ಸೇಫ್ಟಿ." ಮೂರು ವರ್ಷದಲ್ಲಿ ಮೊದಲ ಬಾರಿ ಅವಳು ಆ ಮುದುಕಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದ್ದು. ಮುದುಕಿ ಕೋಲೂರಿಕೊಂಡು ಮನೆಗೆ ಹೋದಳು.

ಗೃಹಪ್ರವೇಶ ಎರಡು ಸಾವಿರದ ಹದಿನಾರರ ವೈಶಾಖದಲ್ಲಿ. ಮೆಕಿನ್ನಿಯಿಂದ, ಆಸ್ಟಿನ್ನಿನಿಂದ ಕಾರುಗಳು ಸಾಲುಗಟ್ಟಿ ಬಂದವು. ಹ್ಯೂಸ್ಟನ್ನಿನಿಂದ ಶಾಸ್ತ್ರಿಗಳು ಬಂದರು. ಅಲ್ಲೇ ಪಕ್ಕದ ಕ್ಲಿಯರ್ ಲೇಕ್‌ನ ನಳಿನಿ ಆಂಟಿ ಹೋಳಿಗೆ ಮಾಡಿ ತಂದಿದ್ದರು. ಒಫೇಲಿಯಾ ಹಿಂದಿನ ದಿನ ತೀರಿಕೊಂಡಿದ್ದಾಳೆಂದು ಇಂದುಮತಿಗೆ ಬೆಳಗ್ಗೆಯೇ ಗೊತ್ತಾಗಿತ್ತು, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನೆರೆಯ ಸಾವು, ಮೈಲಿಗೆ, ಮುಹೂರ್ತ ಎಂದು ನೂರೆಂಟು ಶುರುವಾಗುತ್ತದೆ. ಪೂಜೆ ಮುಗಿಸಿ ಓಡಿಹೋಗಿ ಮುಖ ನೋಡಿ ಬರುತ್ತೇನೆ, ಮಣ್ಣು ಮಾಡುವುದು ಹೇಗೂ ಸಂಜೆಗಿರುತ್ತದೆ ಎಂದುಕೊಂಡಿದ್ದಳು.

ಹೋಮಕ್ಕೆ ತುಪ್ಪ ಬೀಳುತ್ತಿದ್ದಾಗ ಚರ್ಚಿನ ಗಂಟೆ ಬಡಿಯಿತು. ಸ್ವಲ್ಪ ಹೊತ್ತಿಗೆ ಜಯಂತನ ಫೋನು ಅದುರಿತು. ಗೇಟಿನ ಕ್ಯಾಮೆರಾದಲ್ಲಿ ಜನ ಕಂಡರು. ಮುಂದೆ ಒಫೇಲಿಯಾಳ ಮಗಳು ರಮೋನಾ, ಹಿಂದೆ ಹೆಗಲ ಮೇಲೆ ಪೆಟ್ಟಿಗೆ. ಸ್ಕೂಲ್ ಬಸ್ ಓಡಿಸುವ ರಮೋನಾಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವಳ ದನಿ ಫೋನಿನಿಂದ ಹೋಮದ ಮಂಟಪದೊಳಗೆ ಬಂತು: "ಇವತ್ತು ಒಂದು ದಿನ ತೆಗೀರಿ. ಅಮ್ಮ ಈ ದಾರೀಲೇ ಹೋಗಬೇಕು ಅಂತ ಕೇಳಿದ್ದಳು. ಹಳ್ಳದಲ್ಲಿ ನೀರಿದೆ."

ಶಾಸ್ತ್ರಿಗಳು ಮಂತ್ರ ನಿಲ್ಲಿಸಿದರು. ನಳಿನಿ ಆಂಟಿ, "ಏನಮ್ಮ ಇದು, ಗೃಹಪ್ರವೇಶದ ದಿನ ಹೊಸಲಿಗೆ ಎದುರಾಗಿ ಹೆಣ? ಅವರಿಗೆ ಬೇರೆ ದಾರಿ ಕೊಟ್ಟಿದೀರಲ್ಲ" ಅಂದರು. ಜಯಂತ ಹೆಂಡತಿಯ ಮುಖ ನೋಡಿದ. ಫೋನನ್ನು ಅವಳ ಕೈಗೆ ಕೊಟ್ಟು, "ನೀನೇ ಹೇಳು ಇಂದು. ಬೇಡ ಅಂದಿದ್ದು ನೀನು" ಅಂದ.

ಒಂದು ಬೆರಳು ಒತ್ತುವ ಕೆಲಸ. ಇಂದುಮತಿಯ ಸೆರಗಿಗೂ ಗಂಡನ ಶಲ್ಯಕ್ಕೂ ಗಂಟು ಹಾಕಿತ್ತು. ಸುತ್ತ ಡಲ್ಲಾಸಿನ ರೇಷ್ಮೆ ಸೀರೆಗಳೆಲ್ಲ ಅವಳನ್ನೇ ನೋಡುತ್ತಿದ್ದವು. ಪೆಟ್ಟಿಗೆಯಲ್ಲಿ ಇರುವವಳು ಯಾರು ಎಂದು ಆ ಜನಕ್ಕೆ ಹೇಗೆ ಹೇಳುವುದು, ಅವಳು ತನಗೆ ಏನಾಗಬೇಕು ಅಂತ ಹೇಳುವುದು? ಅವಳು ಫೋನಿಗೆ ಇಂಗ್ಲಿಷಿನಲ್ಲಿ, "ಅರ್ಧ ಗಂಟೆ ಕಾಯಿರಿ. ಪೂಜೆ ಮುಗಿದ ತಕ್ಷಣ ತೆಗೀತೀವಿ" ಅಂದಳು.

ಕ್ಯಾಮೆರಾದಲ್ಲಿ ಪೆಟ್ಟಿಗೆ ನಿಧಾನವಾಗಿ ತಿರುಗಿತು. ಶಾಸ್ತ್ರಿಗಳು ಬಿಟ್ಟಲ್ಲಿಂದ ಮಂತ್ರ ಹಿಡಿದರು. ಹೋಳಿಗೆ ಬಹಳ ಮೆತ್ತಗೆ ಬಂದಿದೆ ಎಂದು ಆ ದಿನ ಎಲ್ಲರೂ ಹೊಗಳಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೆಂಟರು ಹೋದ ಮಾರನೆಯ ದಿನ ಇಂದುಮತಿ ರಮೋನಾಳ ಮನೆಗೆ ಹೋದಳು. ಬಾಗಿಲಲ್ಲೇ ಬೈದು ಕಳಿಸಿದ್ದರೆ ಬದುಕಿಕೊಳ್ಳುತ್ತಿದ್ದಳು. ರಮೋನಾ ಕುರ್ಚಿ ಹಾಕಿದಳು, ಒಳ್ಳೆಯ ಕಪ್ಪಿನಲ್ಲಿ ಕಾಫಿ ಕೊಟ್ಟಳು, ಮಾತಿಗೊಮ್ಮೆ 'ಮ್ಯಾಮ್' ಅಂದಳು. ತೆರಿಗೆ ವಸೂಲಿಗೆ ಬಂದವರನ್ನು ಮಾತಾಡಿಸುವ ಹಾಗೆ ಮಾತಾಡಿಸಿದಳು. ಹಳ್ಳದಲ್ಲಿ ತಮ್ಮನ ಕಾಲು ಜಾರಿತಂತೆ, ಪೆಟ್ಟಿಗೆ ಒಂದು ಪಕ್ಕ ನೀರಿಗೆ ತಾಗಿತಂತೆ. "ಪರವಾಗಿಲ್ಲ ಮ್ಯಾಮ್. ನಿಮ್ಮ ಸಮಾರಂಭ ಚೆನ್ನಾಗಿ ಆಯ್ತಾ?" ಎಂದು ಕೇಳಿದಳು.

ಇಂದುಮತಿ ಮನೆಗೆ ಬಂದು ಗೇಟು ತೆಗೆಸಿ ಅಂದಳು. ಈಗ ಜಯಂತನ ಸರದಿ. "ನಿನಗೇನು ತಲೆ ಕೆಟ್ಟಿದೆಯಾ? ನೀನು ಹೇಳಿದ್ದಕ್ಕೆ ವಕೀಲನ ಹತ್ತಿರ ಓಡಾಡಿ ಕೆಟ್ಟವನಾದೆ. ಈಗ ತೆಗೀ ಅಂದ್ರೆ?"

"ಹೌದು, ನಾನೇ ಹೇಳಿದ್ದು. ನಾನೇ ಹೇಳ್ತಿದೀನಿ, ತೆಗೀರಿ."

ಬೇಸಿಗೆಯಿಡೀ ಅದೇ ಜಗಳ. ರಾಮಮೂರ್ತಿಗಳು ಹೀಗಂದರು, ಶಾಸ್ತ್ರಿಗಳು ಹಾಗಂದರು ಎಂದು ಅವನು. ಅವರ್ಯಾರೂ ಇಲ್ಲಿ ಬಂದು ಒಬ್ಬಳೇ ಕೂರಲ್ಲ ಎಂದು ಇವಳು. ಕೊನೆಗೆ ಅಕ್ಟೋಬರಿನಲ್ಲಿ ಅವನು ಡಲ್ಲಾಸಿಗೆ ಹೋಗಿದ್ದಾಗ ಅವಳೇ ಗೇಟು ತೆಗೆದು, ಮತ್ತೆ ಮುಚ್ಚಿಕೊಳ್ಳದಂತೆ ತಂತಿಯಿಂದ ಬೇಲಿಯ ಕಂಬಕ್ಕೆ ಬಿಗಿದಳು. ಹಾದಿಯಲ್ಲಿ ಬೆಳೆದಿದ್ದ ಮುಳ್ಳುಗಿಡವನ್ನು ಕೈಯಿಂದ ಕಿತ್ತಳು. ನವೆಂಬರ್ ಎರಡಕ್ಕೆ ಊರವರ ಸತ್ತವರ ಹಬ್ಬ. ನಮ್ಮ ಮಹಾಲಯ ಅಮಾವಾಸ್ಯೆ ಇದ್ದ ಹಾಗೆ. ಅವತ್ತು ಊರಿಗೆ ಊರೇ ಹೂ ಹಿಡಿದು ಸ್ಮಶಾನಕ್ಕೆ ಹೋಗುತ್ತದೆ.

ಆ ದಿನ ಬೆಳಗ್ಗೆ ಸ್ನಾನ ಮಾಡಿ, ತಟ್ಟೆ ತುಂಬ ಚೆಂಡುಹೂ ಇಟ್ಟುಕೊಂಡು ಇಂದುಮತಿ ಗೇಟಿನ ಹತ್ತಿರ ನಿಂತಳು. ಚರ್ಚಿನಿಂದ ಮೆರವಣಿಗೆ ಹೊರಟಿತು. ಮುದುಕರು, ಮಕ್ಕಳು, ಮೇಣದ ಬತ್ತಿ, ಹಾಡು. ಹಾದಿ ಕವಲಾಗುವ ಜಾಗಕ್ಕೆ ಬಂದರು. ಗೇಟು ಅಷ್ಟಗಲ ತೆರೆದಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಒಬ್ಬರೂ ಈ ಕಡೆ ತಿರುಗದೆ ಹಳ್ಳದ ಕಡೆ ನಡೆದರು.

ತಿಳಿದಿಲ್ಲವೇನೋ ಎಂದುಕೊಂಡು ಅವಳು ತಟ್ಟೆ ಹಿಡಿದು ಹೊಲ ಅಡ್ಡಹಾಯ್ದು ಓಡಿದಳು. ಹಳ್ಳದ ಮೇಲೆ ಹಲಗೆಯ ಸೇತುವೆ ಬಂದಿತ್ತು. ಊರವರೇ ಸೇರಿ ಕಟ್ಟಿದ್ದು, ಎರಡೂ ಬದಿಗೆ ಹಿಡಿಗಂಬಿ, ಅದಕ್ಕೆ ಬಿಳಿ ಬಣ್ಣ. ಸೇತುವೆಯ ಈ ತುದಿಯಲ್ಲಿ ರಮೋನಾ ಮುದುಕರಿಗೆ ಕೈ ಕೊಟ್ಟು ದಾಟಿಸುತ್ತಿದ್ದಳು.

"ರಮೋನಾ, ಗೇಟು ತೆಗೆದಿದೀನಿ," ಅಂದಳು ಇಂದುಮತಿ, ಏದುಸಿರು ಬಿಡುತ್ತ. "ಇನ್ನು ಯಾವತ್ತೂ ಹಾಕಲ್ಲ. ಆ ಕಡೆಯಿಂದಲೇ ಬನ್ನಿ."

"ನೋಡಿದ್ವಿ ಮ್ಯಾಮ್," ಅಂದಳು ರಮೋನಾ. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ಈಗ ಅಮ್ಮ ಈ ದಾರೀಲಿ ಹೋಗಿದಾಳೆ. ಇನ್ನು ನಾವೆಲ್ಲ ಇದರಲ್ಲೇ ಹೋಗಬೇಕು."

ಇಂದುಮತಿ ಹೂವಿನ ತಟ್ಟೆ ಮುಂದೆ ಚಾಚಿದಳು. ರಮೋನಾ ಅದನ್ನು ನೋಡಿದಳು, ಕೈ ಚಾಚಲಿಲ್ಲ. ಹಿಂದೆ ಬರುತ್ತಿದ್ದ ಮುದುಕಿಗೆ ಜಾಗ ಬೇಕಿತ್ತು. "ಸ್ವಲ್ಪ ಸರೀತೀರಾ ಮ್ಯಾಮ್?" ಅಂದಳು. ಇಂದುಮತಿ ಸರಿದು ನಿಂತಳು. ಕೊನೆಯ ಮಗುವೂ ದಾಟುವ ತನಕ ಅಲ್ಲೇ ನಿಂತಿದ್ದಳು.

ಮನೆಗೆ ಬಂದಾಗ ಜಯಂತ ಜಗಲಿಯಲ್ಲಿ ಕಾಫಿ ಕುಡಿಯುತ್ತ ಎಲ್ಲ ನೋಡುತ್ತಿದ್ದ. ಅವನ ಮುಖದಲ್ಲಿ ನೆಮ್ಮದಿ ಇತ್ತು. "ನೋಡಿದ್ಯಾ, ನೀನು ಸುಮ್ಮನೆ ಕೊರಗ್ತಿದ್ದೆ. ಅಡ್ಜಸ್ಟ್ ಆಗಿಬಿಟ್ಟಿದಾರೆ. ಸೇತುವೆ ಬೇರೆ ಕಟ್ಕೊಂಡಿದಾರೆ," ಅಂದ. ಆಮೇಲೆ ಕಪ್ಪು ಕೆಳಗಿಟ್ಟು, "ಇನ್ನು ಆ ಗೇಟು ಹಾಕಿಬಿಡು ಇಂದು. ಮೇಕೆ ನುಗ್ತವೆ" ಅಂದ.

ಇಂದುಮತಿ ಹೋಗಿ ತಂತಿ ಬಿಚ್ಚಿ ಗೇಟು ಹಾಕಿ ಬಂದಳು.